ಮಳೆ ಬಂದರೆ ಜನರೇಟರ್ ಎಲ್ಲಿ ಇಡೋದು?

ಶ್ರೀನಿವಾಸಪುರದವನು:
ಮಾವಿನ ಸೀಸನ್ನಿನಲ್ಲಿ ಗಾಳಿಮಳೆ ಬಂತೆಂದರೆ ಕೊಂಬೆ ಮುರಿದು ಲೈನ್ ಮೇಲೆ ಬೀಳುತ್ತದೆ, ರಾತ್ರಿಯೆಲ್ಲ ಕರೆಂಟಿಲ್ಲ. ಬೆಳಗ್ಗೆ ಹಾಲು ಕರೆಯುವ ಮಷೀನು ಓಡಲೇಬೇಕು. ಅದಕ್ಕೇ ಅಪ್ಪ ಸಣ್ಣ ಪೆಟ್ರೋಲ್ ಜನರೇಟರ್ ತಂದರು. ಹೊರಗಿಟ್ಟರೆ ನೆನೆಯುತ್ತೆ, ಕಳ್ಳರ ಕಾಟ ಬೇರೆ ಅಂತ ಪಡಸಾಲೆಯಲ್ಲೇ ಓಡಿಸುತ್ತಾರೆ. ಬಾಗಿಲು, ಕಿಟಕಿ ತೆಗೆದೇ ಇರುತ್ತವೆ. ಎರಡೂ ಕಡೆ ಪಿನ್ ಇರುವ ವೈರು ಮಾಡಿಸಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಮನೆಗೂ ಕೊಟ್ಟಿಗೆಗೂ ಲೈಟು ಬರುತ್ತೆ. ಹೋದ ಸಲ ಅಮ್ಮನಿಗೆ ತಲೆನೋವು, ವಾಕರಿಕೆ. ಪೆಟ್ರೋಲ್ ವಾಸನೆಗೆ ಅಂತಾರೆ ಅಪ್ಪ. ಹೌದಾ?

ಚಿಂತಾಮಣಿ ಅಂಗಡಿ:
ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಸಾಕು ಗುರು. ಸುಮ್ನೆ ಹೆದರಬೇಡಿ.

ಕೋಲಾರ ರಿವೈಂಡಿಂಗ್:
ಫ್ಯಾನ್ ಸಾಲದು ಅಣ್ಣ. ಇದು ಹೆದರಲೇಬೇಕಾದ ವಿಷಯ.

ವಾಸನೆಯನ್ನು ದೂರಬೇಡಿ. ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಮಲಗಿದವರಿಗಂತೂ ಗೊತ್ತೇ ಆಗಲ್ಲ, ಹಾಗೇ ಜೀವ ಹೋಗುತ್ತದೆ. ಇನ್ನೊಂದು ಸಲ ಯಾರಿಗಾದರೂ ಹಾಗಾದರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ. ಅಮ್ಮನನ್ನು ಒಂದು ಸಲ ಡಾಕ್ಟರಿಗೆ ತೋರಿಸಿಬಿಡಿ.

ಮನೆಯಿಂದ 20 ಅಡಿಯಾದರೂ ದೂರ ಇಡಿ, ಸೈಲೆನ್ಸರ್ ಬಾಯಿ ಮನೆ ಕಡೆ ತಿರುಗಿರಬಾರದು. ಮಳೆಗೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿ, ನಾಲ್ಕೂ ಕಡೆ ಬಯಲಾಗಿರಲಿ. ಕಳ್ಳರಿಗೆ ಚೈನು, ಬೀಗ. ಕೊಟ್ಟಿಗೆ ಒಳಗೂ ಬೇಡ, ಹಸು ಉಸಿರಾಡುವುದೂ ಅದೇ ಗಾಳಿ ಅಲ್ವಾ! ರಾಗಿ ಹುಲ್ಲಿನ ಮೆದೆ ಪಕ್ಕ ಇಟ್ಟೀರಿ ಮತ್ತೆ, ಸೈಲೆನ್ಸರ್ ಬಿಸಿಗೆ ಹೊತ್ತಿಕೊಳ್ಳುತ್ತೆ. ಪೆಟ್ರೋಲ್ ಹಾಕುವುದು ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ.

ಆ ಎರಡು ಪಿನ್ನಿನ ವೈರನ್ನು ಇವತ್ತೇ ಕತ್ತರಿಸಿ ಬಿಸಾಕಿ. ಜನರೇಟರ್ ಓಡುವಾಗ ಗೋಡೆಯಿಂದ ಅದು ಕಳಚಿದರೆ ಕೈಯಲ್ಲಿ ಇರುವ ಹಿತ್ತಾಳೆ ಪಿನ್ನಿನಲ್ಲೇ 230 ವೋಲ್ಟ್. ಅದಕ್ಕಿಂತ ದೊಡ್ಡ ಅಪಾಯ ಊರ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ ಇದೆ. ನಿಮ್ಮ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹೋದರೆ ಟಿಸಿ ಅದನ್ನು 11,000 ವೋಲ್ಟ್ ಮಟ್ಟಕ್ಕೆ ಏರಿಸಬಲ್ಲದು. ಲೈನ್ ಆಫ್ ಇದೆ ಅಂತ ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಗತಿ?

ಶ್ರೀನಿವಾಸಪುರದವನು:
ಮೇನ್ ಆಫ್ ಮಾಡಿಯೇ ಚುಚ್ಚೋದು ಅಣ್ಣ, ಅಪ್ಪ ಮರೆಯಲ್ಲ.

ಕೋಲಾರ ರಿವೈಂಡಿಂಗ್:
ಅಪ್ಪ ಮರೆಯಲ್ಲ, ಸರಿ. ಅಪ್ಪ ಊರಲ್ಲಿ ಇಲ್ಲದ ದಿನ? ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜೋವರ್ ಸ್ವಿಚ್ ಹಾಕಿಸಿ, ಅರ್ತಿಂಗನ್ನೂ ನೋಡಿಸಿ. ಹಿಡಿ ಒಂದು ಕಡೆ ಇದ್ದರೆ ಬೆಸ್ಕಾಂ, ಇನ್ನೊಂದು ಕಡೆ ಇದ್ದರೆ ಜನರೇಟರ್. ಎರಡೂ ಒಟ್ಟಿಗೆ ಸೇರುವ ದಾರಿಯೇ ಇರಲ್ಲ. ಅಲ್ಲಿವರೆಗೆ ಮಷೀನಿನ ಪ್ಲಗ್ಗನ್ನು ದಪ್ಪ ಎಕ್ಸ್‌ಟೆನ್ಷನ್ ವೈರಿನಲ್ಲಿ ನೇರ ಜನರೇಟರಿಗೇ ಕೊಡಿ. ವೈರನ್ನು ಸುರುಳಿಯಲ್ಲೇ ಬಿಡಬೇಡಿ, ಬಿಸಿಯಾಗುತ್ತೆ.

ಜನರೇಟರ್ ಎಷ್ಟು ಕೆವಿಎ?

ಶ್ರೀನಿವಾಸಪುರದವನು:
ಎರಡು. ಮೋಟಾರು ಒಂದು ಎಚ್‌ಪಿ. ಫ್ರಿಜ್ಜೂ ಓಡ್ತಿದ್ದರೆ ಜನರೇಟರ್ ಗುರ್ ಅಂತ ಉಸಿರು ಕಟ್ಟುತ್ತೆ.

ಕೋಲಾರ ರಿವೈಂಡಿಂಗ್:
ಕಟ್ಟದೆ ಇನ್ನೇನು! ಒಂದು ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಸ್ಟಾರ್ಟ್ ಆಗುವ ಗಳಿಗೆಯಲ್ಲಿ ಅದರ ಎಷ್ಟೋ ಪಟ್ಟು ಎಳೆಯುತ್ತೆ. ಮೊದಲು ಮೋಟಾರು ಹಾಕಿ, ಹಾಲು ಕರೆದು ಮುಗಿಸಿ, ಅದನ್ನು ಆಫ್ ಮಾಡಿದ ಮೇಲೆ ಫ್ರಿಜ್ಜು ಹಾಕಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ಜು ಅಷ್ಟು ಹೊತ್ತು ತಣ್ಣಗೇ ಇರುತ್ತೆ.