ಮಂದ ಬೆಳಕಿನ ಒಳಾಂಗಣ ಸಮಾರಂಭಗಳಿಗೆ ಯಾವ ಲೆನ್ಸ್: 35, 50 ಅಥವಾ 17-50?

ಪ್ರಶ್ನೆ: ಕುಂಜಿಬೆಟ್ಟು ನಿವಾಸಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ನಿಕಾನ್ ಡಿ5600 ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಕಿಟ್ ಲೆನ್ಸ್ ಇದೆ. ಹಗಲು ಹೊತ್ತಿನಲ್ಲಿ ಮಲ್ಪೆಯಲ್ಲೋ ರಥಬೀದಿಯಲ್ಲೋ ತೆಗೆದ ಚಿತ್ರಗಳ ಬಗ್ಗೆ ನನಗೆ ಯಾವ ದೂರೂ ಇಲ್ಲ. ತೊಂದರೆ ಇರುವುದು ಒಳಾಂಗಣದಲ್ಲಿ. ಇತ್ತೀಚೆಗೆ ಅಕ್ಕನ ಮಗಳ ಹುಟ್ಟುಹಬ್ಬ ಇಲ್ಲಿನ ಒಂದು ಸಣ್ಣ ಪಾರ್ಟಿ ಹಾಲ್‌ನಲ್ಲಿ ನಡೆಯಿತು. ಕೇಕ್ ಕತ್ತರಿಸುವ ಹೊತ್ತಿಗೆ ಟ್ಯೂಬ್‌ಲೈಟುಗಳನ್ನೆಲ್ಲ ಆರಿಸಿ ಮೇಣದ ಬತ್ತಿಗಳನ್ನೂ ಗೋಡೆಯ ಮೇಲಿನ ಎಲ್‌ಇಡಿ ಸರಗಳನ್ನೂ ಮಾತ್ರ ಉಳಿಸಿದರು. ಲೆನ್ಸನ್ನು 35 ಮಿ.ಮೀ. ಆಸುಪಾಸಿನಲ್ಲಿಟ್ಟು, ಅಪರ್ಚರನ್ನು (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಅದು ದೊಡ್ಡದು) ಅಲ್ಲಿ ಸಿಗುವಷ್ಟೂ, ಅಂದರೆ ಎಫ್/4.5ಕ್ಕೆ ತೆರೆದು, ಬೆಳಕಿಗೆ ಸೆನ್ಸರಿನ ಸಂವೇದನೆ ತೋರುವ ಐಎಸ್‌ಒ 6400ಕ್ಕೆ ಏರಿಸಿದರೂ ಶಟರ್ ವೇಗ 1/25 ಸೆಕೆಂಡನ್ನು ದಾಟಲಿಲ್ಲ. ಮೇಜು ಸ್ಪಷ್ಟವಾಗಿದೆ, ಕೇಕಿನ ಮೇಲಿನ ಅಕ್ಷರಗಳೂ ಸ್ಪಷ್ಟವಾಗಿವೆ, ಬತ್ತಿ ಊದುತ್ತಿರುವ ಮಗುವಿನ ಮುಖ ಮಾತ್ರ ಕದಡಿಹೋಗಿದೆ.

ಮುಂದಿನ ತಿಂಗಳು ಮಂಗಳೂರಿನ ಬಿಜೈಯಲ್ಲಿ ಗೆಳೆಯನ ತಂಗಿಯ ರೋಸ್ ಕಾರ್ಯಕ್ರಮವಿದೆ (ಮದುವೆಗೆ ಮುನ್ನ ವಧುವಿಗೆ ಎಣ್ಣೆ, ತೆಂಗಿನ ಹಾಲು ಹಚ್ಚುವ ಶಾಸ್ತ್ರ), ಅದೂ ಸಂಜೆಯ ಮೇಲೆ. ಚಿತ್ರ ತೆಗೆಯುವ ಹೊಣೆ ನನ್ನದು. ಹೊಸ ಲೆನ್ಸಿಗೆಂದು 20,000 ರೂಪಾಯಿ ತೆಗೆದಿಟ್ಟಿದ್ದೇನೆ. 35 ಎಫ್/1.8, 50 ಎಫ್/1.8, ಇಲ್ಲವೇ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ಮಾ 17-50 ಎಫ್/2.8, ಈ ಮೂರರಲ್ಲಿ ಯಾವುದು ಸೂಕ್ತ? ಪರಿಚಯದವರೊಬ್ಬರು ತಮ್ಮ ಹಳೆಯ 50 ಎಫ್/1.8 ಡಿ ಲೆನ್ಸನ್ನು ಕಡಿಮೆ ಬೆಲೆಗೆ ಕೊಡಲು ಸಿದ್ಧರಿದ್ದಾರೆ.

ಉತ್ತರ: ಬೆಳಕಿನ ಜಾಡು, ಮಂಗಳೂರು

ಮೊದಲು ಆ ಹಳೆಯ 50 ಡಿ ಲೆನ್ಸಿನ ವಿಷಯ ಮುಗಿಸೋಣ. ದಯವಿಟ್ಟು ಅದನ್ನು ತೆಗೆದುಕೊಳ್ಳಬೇಡಿ. ಲೆನ್ಸ್ ಒಳ್ಳೆಯದೇ, ಆದರೆ ಅದರಲ್ಲಿ ಫೋಕಸ್ ಮೋಟಾರ್ ಇಲ್ಲ; ನಿಮ್ಮ ಡಿ5600 ಬಾಡಿಯಲ್ಲೂ ಇಲ್ಲ. ಪ್ರತಿ ಚಿತ್ರಕ್ಕೂ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ, ಮಂದ ಬೆಳಕಿನಲ್ಲಿ ಓಡಾಡುವ ಜನರ ನಡುವೆ ಅದು ಆಗಹೋಗುವ ಮಾತಲ್ಲ. ನಿಕಾನ್ ಲೆನ್ಸ್ ಆದರೆ ಹೆಸರಿನಲ್ಲಿ ಮೋಟಾರ್ ಇರುವುದರ ಗುರುತಾದ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿದೆಯೇ ಎಂದು ನೋಡಿಕೊಂಡೇ ಹಣ ಕೊಡಿ.

ಇನ್ನು 35 ಮತ್ತು 50ರ ನಡುವಿನ ಆಯ್ಕೆ. ಎರಡರಲ್ಲೂ ಒಳಬರುವ ಬೆಳಕು ಒಂದೇ ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ಕೋಣೆಯ ಅಳತೆ. ನಿಮ್ಮ ಕ್ಯಾಮೆರಾದ ಸೆನ್ಸರ್ ಪೂರ್ಣ ಫ್ರೇಮಿಗಿಂತ (ಹಳೆಯ ಫಿಲ್ಮ್ ಚೌಕಟ್ಟಿನ ಅಳತೆ) ಒಂದೂವರೆ ಪಟ್ಟು ಚಿಕ್ಕದಾದ್ದರಿಂದ 50 ಮಿ.ಮೀ. ಲೆನ್ಸ್ ಅದರಲ್ಲಿ 75ರಷ್ಟು ಇಕ್ಕಟ್ಟಾದ ನೋಟ ಕೊಡುತ್ತದೆ. ಮೂರು ಮೀಟರ್ ದೂರದಲ್ಲಿ ನಿಂತು ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದರೆ 50ರ ಚೌಕಟ್ಟಿನಲ್ಲಿ ಸುಮಾರು 1.4 ಮೀಟರ್ ಅಗಲ ಹಿಡಿಯುತ್ತದೆ, ಅಂದರೆ ಒತ್ತಿ ನಿಂತ ಇಬ್ಬರು. 35ರಲ್ಲಿ ಅದು 2 ಮೀಟರ್ ಆಗುತ್ತದೆ, ಮೂರು ನಾಲ್ಕು ಜನ ನೆಮ್ಮದಿಯಾಗಿ ಬರುತ್ತಾರೆ. ನಮ್ಮ ಮನೆಗಳ ಚಾವಡಿಯಲ್ಲೂ ಸಣ್ಣ ಪಾರ್ಟಿ ಹಾಲ್‌ಗಳಲ್ಲೂ ಮೂರು ಮೀಟರ್ ಹಿಂದೆ ಸರಿದರೆ ಬೆನ್ನಿಗೆ ಗೋಡೆಯೋ ಊಟದ ಮೇಜೋ ತಗಲುತ್ತದೆ. ಆದ್ದರಿಂದ ನನ್ನ ಮತ 35ಕ್ಕೆ. 50 ಎಂದರೆ ವಧುವಿನ ಮುಖ, ಕಿವಿಯೋಲೆ, ಮದರಂಗಿಯ ಕೈ. ಅದು ಎರಡನೆಯ ಲೆನ್ಸ್ ಆಗಬಹುದು, ಮೊದಲನೆಯದಲ್ಲ.

ಎಫ್/4.5ರಿಂದ ಎಫ್/1.8ಕ್ಕೆ ಬಂದಾಗ ಬೆಳಕು ಆರು ಪಟ್ಟು ಹೆಚ್ಚುತ್ತದೆ. ಅದೇ ಕೋಣೆ, ಅದೇ ಐಎಸ್‌ಒ 6400 ಇದ್ದರೂ ನಿಮ್ಮ 1/25 ಈಗ 1/160 ಆಗುತ್ತದೆ, ಊದುವ ಮಗುವಿನ ಕೆನ್ನೆ ನಿಲ್ಲುತ್ತದೆ. ಕಿಟ್ ಲೆನ್ಸಿನಲ್ಲಿರುವ ಅಲುಗಾಟ ತಡೆಯುವ ವ್ಯವಸ್ಥೆ ಈ ಕೆಲಸ ಮಾಡಲಾರದು. ಅದು ಹಿಡಿದ ಕೈಯ ನಡುಕವನ್ನು ಸರಿಪಡಿಸುತ್ತದೆಯೇ ಹೊರತು ಎದುರಿನವರ ಚಲನೆಯನ್ನಲ್ಲ. ನಿಮ್ಮ ಚಿತ್ರದಲ್ಲಿ ಕೇಕ್ ಸ್ಪಷ್ಟವಾಗಿದ್ದು ಮುಖ ಕದಡಿದ್ದರ ಕಾರಣವೂ ಅದೇ.

ಆದರೆ ಎಫ್/1.8ಕ್ಕೆ ತೆರುವ ಬೆಲೆಯೊಂದಿದೆ. ಎರಡು ಮೀಟರ್ ದೂರದಲ್ಲಿ 35ರ ಸ್ಪಷ್ಟತೆಯ ಆಳ (ಹಿಂದೆ ಮುಂದೆ ಎಷ್ಟು ದೂರ ಸ್ಪಷ್ಟವಾಗಿ ಕಾಣುತ್ತದೆ ಎಂಬುದು) ಸುಮಾರು 23 ಸೆಂಟಿಮೀಟರ್, 50ರದ್ದು 11 ಸೆಂಟಿಮೀಟರ್ ಮಾತ್ರ. ಅಜ್ಜಿ ಮುಂದೆ ಕುಳಿತು ಮೊಮ್ಮಕ್ಕಳು ಹಿಂದೆ ನಿಂತರೆ ಒಂದು ಸಾಲು ಮಸುಕಾಗುವುದು ಖಂಡಿತ. ಅಂಥ ಗುಂಪಿಗೆ ಮೂರು ಮೀಟರ್ ಹಿಂದೆ ಸರಿದು ಎಫ್/2.8 ಇಟ್ಟರೆ ಸುಮಾರು 80 ಸೆಂಟಿಮೀಟರ್ ಆಳ ಸಿಗುತ್ತದೆ. ಜನರು ಚಿತ್ರಕ್ಕಾಗಿ ಸುಮ್ಮನೆ ನಿಂತಿರುವಾಗ ಶಟರ್ 1/60ಕ್ಕೆ ಇಳಿದರೂ ತೊಂದರೆಯಿಲ್ಲ.

ಉತ್ತರ: ಸುರತ್ಕಲ್‌ನ ಛಾಯಾಗ್ರಾಹಕ

ಮದುವೆ ಚಿತ್ರೀಕರಣವೇ ನನ್ನ ವೃತ್ತಿ. ಮೇಲಿನವರ ಲೆಕ್ಕ ಸರಿಯಾಗಿದೆ, ಆದರೂ ನಾನು 17-50 ಎಫ್/2.8 ಪರವಾಗಿ ಮಾತನಾಡಬೇಕು. ರೋಸ್‌ನಲ್ಲಿ ಸ್ಟೂಲಿನ ಮೇಲೆ ಕುಳಿತ ಹುಡುಗಿಯ ಸುತ್ತ ಹತ್ತು ಹನ್ನೆರಡು ಜನ ಮುತ್ತಿಕೊಳ್ಳುತ್ತಾರೆ, ಒಬ್ಬೊಬ್ಬರಾಗಿ ಎಣ್ಣೆ ಮತ್ತು ತೆಂಗಿನ ಹಾಲು ಹಚ್ಚುತ್ತಾರೆ, ಕೊನೆಗೆ ತಲೆಯ ಮೇಲೆ ಹಾಲು ಸುರಿಯುತ್ತಾರೆ. ಆ ಕ್ಷಣದಲ್ಲಿ ಇಡೀ ಕುಟುಂಬವೂ ಬೇಕು, ಹುಡುಗಿಯ ಮುಚ್ಚಿದ ಕಣ್ಣೂ ಬೇಕು. ಜೂಮ್ ಇಲ್ಲದ ಪ್ರೈಮ್ ಲೆನ್ಸ್ ಹಾಕಿಕೊಂಡು ಆ ಗುಂಪಿನಲ್ಲಿ ಹಿಂದೆ ಮುಂದೆ ಹೋಗಲು ಜಾಗವಿರುವುದಿಲ್ಲ. ಜೂಮಿನಲ್ಲಿ 17ರಿಂದ 50ರವರೆಗೂ ಎಫ್/2.8 ಸಿಗುತ್ತದೆ, ನಿಮ್ಮ ಎಫ್/4.5ಕ್ಕಿಂತ ಅದು ಎರಡೂವರೆ ಪಟ್ಟು ಬೆಳಕು. ಉಳಿದ ಕೊರತೆಯನ್ನು ಮೇಲಕ್ಕೆ ತಿರುಗುವ ಫ್ಲ್ಯಾಶ್ ತುಂಬಿಕೊಡುತ್ತದೆ: ಬಿಳಿ ಸೀಲಿಂಗಿಗೆ ಹೊಡೆದು ಮರಳಿದ ಬೆಳಕು ಮುಖದ ಮೇಲೆ ಮೃದುವಾಗಿ ಹರಡುತ್ತದೆ. ಕ್ಯಾಮೆರಾದ ಸ್ವಂತ ಫ್ಲ್ಯಾಶನ್ನು ಮಾತ್ರ ನೇರವಾಗಿ ಹೊಡೆಯಬೇಡಿ. ಎಣ್ಣೆ, ಹಾಲು ಹಚ್ಚಿದ ಚರ್ಮ ಕನ್ನಡಿಯಾಗಿ ಹಣೆ, ಮೂಗು, ಕೆನ್ನೆಗಳ ಮೇಲೆ ಬಿಳಿ ಮಚ್ಚೆಗಳು ಏಳುತ್ತವೆ.

ತೂಕವೂ ಗಮನದಲ್ಲಿರಲಿ. 35 ಲೆನ್ಸ್ 200 ಗ್ರಾಂ, ಸಿಗ್ಮಾ 565 ಗ್ರಾಂ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದು ವಿವರ ಬಿಟ್ಟುಹೋಗಿತ್ತು. ಬಿಜೈಯದು ಹಳೆಯ ಹಂಚಿನ ಮನೆ, ಒಳಗೆ ಮರದ ಮುಚ್ಚಿಗೆ ಇದೆ. ರೋಸ್ ಅಂಗಳದ ಚಪ್ಪರದಲ್ಲಿ ನಡೆಯಲಿದ್ದು ಮೇಲೆ ಕೆಂಪು, ಹಳದಿ ಬಟ್ಟೆ ಕಟ್ಟುತ್ತಾರಂತೆ. ಫ್ಲ್ಯಾಶ್ ಅಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಬೆಳಕಿನ ಜಾಡು, ಮಂಗಳೂರು

ಬರುವುದು ಕಷ್ಟ. ಕಪ್ಪಿಟ್ಟ ಮರ ಬೆಳಕನ್ನು ಬಹುಪಾಲು ನುಂಗಿಬಿಡುತ್ತದೆ, ಮರಳಿ ಕಳುಹಿಸಿದ್ದಕ್ಕೂ ಕಂದು ಛಾಯೆ ಇರುತ್ತದೆ. ಕೆಂಪು ಬಟ್ಟೆಗೆ ಹೊಡೆದರೆ ಮುಖಗಳೆಲ್ಲ ಕೆಂಪಾಗುತ್ತವೆ, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸುವುದು ಸುಲಭವಲ್ಲ. ಬಿಳಿ ಸೀಲಿಂಗ್ ಇರುವ ಹಾಲ್ ಆಗಿದ್ದರೆ ಸುರತ್ಕಲ್‌ನವರ ಸಲಹೆಯನ್ನು ನಾನೂ ಒಪ್ಪುತ್ತಿದ್ದೆ. ಈ ಮನೆಗೆ ಮಾತ್ರ 35 ಎಫ್/1.8 ಇರಲಿ, ಇಡೀ ಗುಂಪಿಗೆ ನಿಮ್ಮ ಕಿಟ್ ಲೆನ್ಸಿನ 18ರ ತುದಿ ಇದ್ದೇ ಇದೆ, ಅಲ್ಲಿ ಅದು ಎಫ್/3.5 ಕೊಡುತ್ತದೆ. ಮನೆಯವರನ್ನು ಕೇಳಿ ಸ್ಟೂಲನ್ನು ಟ್ಯೂಬ್‌ಲೈಟಿನ ನೇರ ಕೆಳಗಲ್ಲದೆ ಅದರ ಎದುರಿಗೆ ಸ್ವಲ್ಪ ಹಿಂದೆ ಇಡಿಸಿಕೊಳ್ಳಿ. ಕಣ್ಣಿನ ಕೆಳಗೆ ನೆರಳು ಬೀಳುವುದು ತಪ್ಪುತ್ತದೆ. ಯಾವ ಲೆನ್ಸೂ ಮಾಡಲಾರದ ಕೆಲಸವಿದು.

ಎಲ್‌ಇಡಿ ಸರಗಳ ಬಗ್ಗೆಯೂ ಎಚ್ಚರಿಕೆ ಬೇಕು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕಿಂತ ವೇಗವಾದಾಗ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡಬಹುದು, ಇಲ್ಲವೇ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಕಪ್ಪಗೆ ಬರಬಹುದು. ಹಾಗೆ ಕಂಡರೆ 1/160 ಬಿಟ್ಟು 1/100ಕ್ಕೆ ಇಳಿಯಿರಿ. ಫೋಕಸಿಗೆ ನಡುವಿನ ಬಿಂದುವನ್ನೇ ಬಳಸಿ, ಕಣ್ಣಿನ ಅಂಚಿಗೋ ಕಿವಿಯೋಲೆಗೋ ಹಿಡಿಯಿರಿ. ಪರದೆಯಲ್ಲಿ ನೋಡುತ್ತಾ ತೆಗೆಯುವುದು ಈ ಕ್ಯಾಮೆರಾದಲ್ಲಿ ನಿಧಾನ, ಆದ್ದರಿಂದ ವ್ಯೂಫೈಂಡರಿಗೆ ಕಣ್ಣಿಟ್ಟೇ ತೆಗೆಯಿರಿ. ರಾ ಕಡತದಲ್ಲಿ (ಸೆನ್ಸರ್ ಹಿಡಿದ ಮೂಲ ಮಾಹಿತಿ) ಉಳಿಸಿದರೆ ಬಣ್ಣ ತಿದ್ದಲು ಅವಕಾಶ ಉಳಿಯುತ್ತದೆ.

ಉತ್ತರ: ಮಣಿಪಾಲದಿಂದ ಒಬ್ಬರು

ನಮ್ಮ ಕರಾವಳಿಯ ತೇವದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಎಸಿ ಹಾಲ್‌ನಿಂದ ಹೊರಗಿನ ಸೆಕೆಗೆ ಬಂದ ಕೂಡಲೇ ಲೆನ್ಸಿನ ಗಾಜಿನ ಮೇಲೆ ಮಂಜು ಕೂರುತ್ತದೆ. ಹೊರಬರುವ ಮೊದಲೇ ಕ್ಯಾಮೆರಾವನ್ನು ಚೀಲದೊಳಗೆ ಮುಚ್ಚಿ, ಅರ್ಧ ಗಂಟೆ ಬಿಟ್ಟು ತೆರೆಯಿರಿ. ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುವುದು ಇಲ್ಲಿ ಬಹಳ ಸಾಮಾನ್ಯ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಹರಳುಗಳ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ.

ಮುಂದೆಂದಾದರೂ ಸೆಕೆಂಡ್ ಹ್ಯಾಂಡ್ 17-50 ಕೊಳ್ಳಲು ಹೊರಟರೆ ಕ್ಯಾಮೆರಾಕ್ಕೆ ಹಾಕಿ ನೋಡುವ ಮೊದಲು ಲೆನ್ಸನ್ನು ಬಿಚ್ಚಿ ಹಿಡಿದು, ಹಿಂಬದಿಯಿಂದ ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ.