ಬೋರ್ಡಿಗೆ ಅರ್ಜೆಂಟ್ ಬೇಕು: ಹವ್ಯಾಸಕ್ಕ ಲೇಥ್ ನಡಸೋರಿಗೆ ಕನ್ನಡದಾಗ ಏನಂತೀರಿ?

ಹುಬ್ಬಳ್ಳಿಯಿಂದ:

ಎಲ್ಲಾರಿಗೂ ನಮಸ್ಕಾರ್ರಿ. ಫ್ಲೆಕ್ಸ್ ಅಂಗಡಿಯವ ನಾಳೆ ಸಂಜಿ ಒಳಗ ಮ್ಯಾಟರ್ ಕೊಡ್ರಿ ಅಂದಾನ, ಅದಕ್ಕ ಅವಸರ. ನಾವೊಂದಿಷ್ಟು ಮಂದಿ ಗೋಕುಲ ರಸ್ತೆ ಕಡೆ ಒಂದು ಶೆಡ್ಡಿನ್ಯಾಗ ಐತವಾರ ಐತವಾರ ಕೂಡತೇವಿ, ಒಂದು ಲೇಥು (ಲೋಹ ತಿರಗಿಸಿ ಕೊರಿಯೋ ಮಶಿನ್), ಒಂದು ಮಿಲ್ಲಿಂಗ್ ಮಶಿನ್ ಐತಿ, ಹೊಟ್ಟಿಪಾಡಿಗೆ ಯಾರೂ ಮಾಡೂದಿಲ್ಲ, ಬ್ಯಾಂಕಿನವರದಾರ, ಹಲ್ಲಿನ ಡಾಕ್ಟರ್ ಒಬ್ರು ಅದಾರ, ಎಲ್ಲಾರಿಗೂ ಲೋಹ ಕೊರಿಯೋ ನಾದ. ಈ ಸಲ ಮಂದಿನ್ನ ಕರದು ಮಾಡಿದ್ದೆಲ್ಲಾ ತೋರಸೋಣ ಅಂತ ಐತಿ. ಡಾಕ್ಟರ್ರು ಹಿತ್ತಾಳಿದು ಸಣ್ಣ ಸ್ಟರ್ಲಿಂಗ್ ಎಂಜಿನ್ ಮಾಡ್ಯಾರ, ಕೆಳಗ ಸ್ಪಿರಿಟ್ ದೀಪ ಇಟ್ಟರ ಮುಗೀತು, ಒಳಗಿನ ಗಾಳಿ ಕಾದು ಹಿಗ್ಗಿ, ತಣ್ಣಗಾಗಿ ಕುಗ್ಗಿ, ಪಿಸ್ಟನ್ ನೂಕತೈತಿ, ಗಾಲಿ ತಿರಗತೈತಿ, ಹಬಿ ಇಲ್ಲ ಬಾಯ್ಲರ್ ಇಲ್ಲ, 1816ರಾಗ ಪೇಟೆಂಟ್ ಆದ ವಿಚಾರ ಅದು. ಇನ್ನೊಬ್ರು ಗುಜರಿಯಿಂದ ತಂದ ನಾಕೂವರಿ ಫೂಟಿನ ಲೇಥಿನ ಕ್ರಾಸ್ ಸ್ಲೈಡ್, ಅಂದ್ರ ಟೂಲ್ ಅಡ್ಡ ಸರಿಸೋ ಭಾಗ, ಉಬ್ಬು ಎಲ್ಲೈತಿ ನೋಡಾಕ ನೀಲಿ ಹಚ್ಚಿ, ಕೆರದು ಕೆರದು ಜೀವ ಕೊಡಾಕತ್ತಾರ, ಇನ್ನೂ ಮುಗದಿಲ್ಲ.

ಬೋರ್ಡಿಗೆ ನಾ ಬರದಿದ್ದು "ಹವ್ಯಾಸಿ ಯಂತ್ರಗಾರರ ಬಳಗ: ಸದಸ್ಯರ ಯೋಜನೆಗಳು" ಅಂತ. ನಮ್ಮವ್ವ ಓದಿ, ಯಂತ್ರ ಅಂದ್ರ ತಾಯತ ಕಟ್ಟೋರಂತ ಬರ್ತಾರ, ಯೋಜನೆ ಅಂದ್ರ ಆಧಾರ್ ಕಾರ್ಡ್ ಝೆರಾಕ್ಸ್ ಹಿಡಕೊಂಡು ಬರ್ತಾರ ನೋಡು ಅಂದ್ಲು. ಬ್ಯಾರೆ ಹೇಳ್ರಿ.

ಗದಗಿನಿಂದ:

ಪದ ಹುಡಕೋ ಅಗತ್ಯನ ಇಲ್ಲ, ಕಣ್ಣ ಮುಂದ ಐತಿ. ಕಡೆ. ಕಡೆದ ಕಂಬ ಅನ್ನೂದಿಲ್ಲೇನು? ಲಕ್ಕುಂಡಿಗೆ ಹೋಗಿ ನೋಡ್ರಿ, ಕಲ್ಯಾಣ ಚಾಲುಕ್ಯರ ಕಾಲದ ಕಂಬದ ಮೈಮ್ಯಾಲೆ ಉಂಗುರ ಉಂಗುರ ಹೆಂಗ ಕೂತಾವ, ಬಳಪದ ಕಲ್ಲು ಮೆತ್ತಗ, ತಿರಗಿಸಿ ಉಳಿ ಹಿಡದಾರ. 1112ರ ಇಟಗಿ ಮಹಾದೇವ ಗುಡಿಯಾಗೂ ಅಂಥಾವ ಅದಾವ. ಮಜ್ಜಿಗಿ ಕಡಿಯೋದೂ ಇದ ಧಾತು, ಕಡಗೋಲಿನ ಹಗ್ಗ ಹಿಂದ ಮುಂದ ಎಳದಂಗ ಹಳೇ ಲೇಥನ್ನೂ ಹಗ್ಗ ಎಳದ ತಿರಗಸತಿದ್ರು. ತಮಿಳರು ಇವತ್ತಿಗೂ ಲೇಥ್ ಕೆಲಸಕ್ಕ ಕಡೈಸಲ್ ಅಂತಾರ, ನಾವು ಬಿಟ್ಟು ಕೂತೇವಿ. "ಕಡೆಗಾರರ ಬಳಗ" ಅಂತ ಬರೀರಿ. ಮುಗೀತು.

ಹುಬ್ಬಳ್ಳಿಯಿಂದ, ಇನ್ನೊಬ್ಬರು:

ಮುಗೀಲಿಲ್ಲರಿ ಮಾಸ್ತರ್ರ. ನಾ ಟರ್ನರ್ ಆಗಿ ರಿಟೈರ್ ಆದಾಂವ, ನನಗ ಗೊತ್ತಿರೋದು ಹೇಳತೇನಿ. ಲೇಥಿನ್ಯಾಗ ಜಾಬ್, ಅಂದ್ರ ಕೊರಿಯೋ ತುಂಡು, ತಿರಗತೈತಿ, ಟೂಲ್ ತಿರಗೂದಿಲ್ಲ. ಮಿಲ್ಲಿಂಗಿನ್ಯಾಗ ಉಲ್ಟಾ, ಜಾಬ್ ವೈಸಿನ್ಯಾಗ ಬಿಗದಿರತೈತಿ, ಕಟರ್ ತಿರಗತೈತಿ. ಅದನ್ನ ಕಡೆಯೋದು ಅಂತ ಹೆಂಗಂತೀರಿ? ಐಟಿಐಯೊಳಗೂ ಟರ್ನರ್ ಬ್ಯಾರೆ ಟ್ರೇಡು, ಮಶಿನಿಸ್ಟ್ ಬ್ಯಾರೆ, ಫಿಟ್ಟರ್ ಬ್ಯಾರೆ. ಮತ್ತ ನಮ್ಮ ಬಾಯಾಗ ಕಡೆ ಹೋಗಿ ಕಡಿ ಆಗತೈತಿ. "ಕಡಿಯೋರು ಕೂಡ್ಯಾರ" ಅಂದ್ರ ಹುಬ್ಬಳ್ಳಿ ಮಂದಿ ಶೆಡ್ಡಿನ ಬಾಗಲಾಗ ನಾಯಿ ಐತೇನು ಅಂತ ನೋಡಿ ಒಳಗ ಬರ್ತಾರ.

ಹಾವೇರಿಯಿಂದ:

ಯಂತ್ರ, ಹವ್ಯಾಸ, ಸದಸ್ಯ, ಮೂರೂ ನಮ್ಮವಲ್ಲ. ಯಂತ್ರಕ್ಕ ಬಿಣಿಗೆ ಅನ್ನೋ ಪದ ಆಗಲೇ ಬಳಕಿಯೊಳಗ ಐತಿ. "ಬಿಣಿಗೆಯೊಲವಿಗರ ಕೂಟ" ಅನ್ರಿ. ಲೇತು ಅನ್ನೋದಕ್ಕ ಮಹಾಪ್ರಾಣ ಯಾಕ? ಬಾಯಾಗ ಬರದಿದ್ದನ್ನ ಬರಿಯೋ ಚಟ ದಾರವಾಡದ ಪಂಡಿತರದು.

ಧಾರವಾಡದಿಂದ:

ಧಾರವಾಡಕ್ಕ ಧ ಬರೀರಿ ಮೊದಲ. ಬಿಣಿಗೆ ಎಲ್ಲಿ ಬಳಕಿಯೊಳಗ ಐತ್ರಿ, ನಿಮ್ಮ ನಾಲ್ಕು ಮಂದಿ ಬರಹದಾಗ. ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಒಬ್ಬರನ್ನ ಕೇಳಿ ನೋಡ್ರಿ. ಹವ್ಯಾಸ ಮರಾಠಿಯೊಳಗ ಅತಿಯಾಸಿ ಅನ್ನೋ ಅರ್ಥದ್ದು, ಖರೆ, ಆದ್ರ ಹವ್ಯಾಸಿ ರಂಗಭೂಮಿ ಅಂತ ಊರೆಲ್ಲಾ ಒಪ್ಪಿಕೊಂಡು ಎಷ್ಟು ಕಾಲ ಆತು, ಅದನ್ನ ಕೆದಕೋದು ಬ್ಯಾಡ.

ಹುಬ್ಬಳ್ಳಿ ತಮ್ಮಾ, ನಾ ಅನುವಾದದ ಕೆಲಸ ಮಾಡಾಕಿ, ನನ್ನ ಮಾತು ಇಷ್ಟ. ಯೋಜನೆ ಖಂಡಿತ ಬ್ಯಾಡ, ನಿಮ್ಮವ್ವ ಹೇಳಿದ್ದ ಬರೋಬ್ಬರಿ. ಮಶಿನಿಸ್ಟಿಗೆ ಒಂದ ಪದ ಹುಡಕಾಕ ಹೋಗಬ್ಯಾಡ್ರಿ, ಮಾಡೋ ಕೆಲಸನ ಬರೀರಿ: "ಹವ್ಯಾಸಕ್ಕೆ ಲೇಥ್, ಮಶಿನ್ ಕೆಲಸ ಮಾಡೋರ ಬಳಗ". ಕೆಳಗ "ಸದಸ್ಯರು ಮಾಡಿದ್ದು", ಅದರ ಬಾಜೂಕ "ಇನ್ನೂ ಮಾಡ್ತಾ ಇರೋದು". ಆ ಅರ್ಧಾ ಆದ ಲೇಥು ಎರಡನೇದರ ಕೆಳಗ ಇಡ್ರಿ, ಮಂದಿ ನಿಂತು ಮಾತಾಡಸೋದು ಅದರ ಮುಂದನ.

ಹಾವೇರಿಯಿಂದ:

ಅಂದ್ರ ಇಂಗ್ಲೀಶಿಗೆ ಕಯ್ ಮುಗಿದು ಕೂಡೋದು.

ಹುಬ್ಬಳ್ಳಿಯಿಂದ, ಟರ್ನರ್:

ಯಾರಿಗೂ ಮುಗದಿಲ್ಲ. ನಮ್ಮ ಹತ್ಯಾರ, ಅಳತಿ ಹೆಸರ ನೋಡ್ರಿ: ಪಾನಾ ಮರಾಠಿ, ಕಾನಸ ಮರಾಠಿ, ಚಕ್ಕು ಇಂಗ್ಲೀಷು, ಸೂತ ಎಲ್ಲಿದೋ ಗೊತ್ತಿಲ್ಲ, ಎಂಟು ಸೂತಕ್ಕ ಒಂದು ಇಂಚು ಅನ್ನೋದಷ್ಟ ಗೊತ್ತು. ಅಂಗಡಿಗೆ ಹೋಗಿ ನಾಕು ಸೂತದ ಬೋಲ್ಟ್ ಕೊಡು ಅಂದ್ರ ಅರ್ಧಾ ಇಂಚಿಂದ ಕೊಡತಾನ. ನೀವು ಬಿಣಿಗೆ ಅನ್ರಿ, ಏನು ಕೊಡತಾನ ನೋಡೋಣ.

ಗದಗಿನಿಂದ:

ಸೂತ ಅಂದ್ರ ಸೂತ್ರ, ದಾರ, ನೂಲು. ತಮಿಳಿನವರು ಅದ ಅಳತಿಗೆ ನೂಲ್ ಅಂತನ ಅಂತಾರ. ನಾವ್ಯಾಕ ನೂಲು ಅನ್ನಬಾರದು? ಮತ್ತ ಮಿಲ್ಲಿಂಗ್ ಬಗ್ಗೆ: ಕಲ್ಲಿನ್ಯಾಗ ಮೂರ್ತಿ ಕಡೆಯೋದು ಅಂತೇವಿ, ಅಲ್ಲಿ ಮೂರ್ತಿನೂ ತಿರಗೂದಿಲ್ಲ ಉಳಿನೂ ತಿರಗೂದಿಲ್ಲ. ಟರ್ನರ್ ಸಾಹೇಬ್ರು ಇದಕ್ಕ ಉತ್ತರ ಕೊಡಲಿ.

ಹುಬ್ಬಳ್ಳಿಯಿಂದ, ಟರ್ನರ್:

ಮೂರ್ತಿ ಮಾಡೋರನ್ನ ಕೇಳ್ರಿ. ನಾ ಬೋಲ್ಟ್ ಮಾಡಾಂವ.

ಹುಬ್ಬಳ್ಳಿಯಿಂದ (ಪದ ಕೇಳಿದವ):

ಅಕ್ಕಾರು ಹೇಳಿದ್ದನ್ನ ಹಂಗ ತಗೊಂಡೆ, ಫ್ಲೆಕ್ಸಿನವಗ ಮ್ಯಾಟರ್ ಕಳಿಸಿಬಿಟ್ಟೆ. ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ, ಕಂಬದ ಫೋಟೋ ಇದ್ರ ಕಳಸ್ರಿ, ಲೇಥಿನ ಹಿಂದ ಗೋಡಿಗೆ ಹಚ್ಚತೇವಿ. ಸೂತದ ವಿಚಾರಕ್ಕ ದಯಮಾಡಿ ಬ್ಯಾರೆ ಮೇಲ್ ಚಾಲೂ ಮಾಡ್ರಿ.

ಹಾವೇರಿಯಿಂದ:

ಮ್ಯಾಟರ್ ಅಂದ್ರೇನು? ಒಕ್ಕಣೆ ಅನ್ನೋ ಪದ ಸತ್ತೇತೇನು?