ಟೆಲಿಗ್ರಾಂ ಟಾಸ್ಕ್‌ಗೆ ದುಡ್ಡು ಕಟ್ಟಬಹುದಾ? ಅನುಭವ ಇದ್ದವರು ಹೇಳಿ

ಕುವೆಂಪುನಗರ: ನನ್ನ ತಂಗಿಗೆ ಟೆಲಿಗ್ರಾಂನಲ್ಲಿ ಕೆಲಸ ಸಿಕ್ಕಿದೆ. ಹೋಟೆಲ್‌ಗಳಿಗೆ ಐದು ಸ್ಟಾರ್ ಒತ್ತಬೇಕು, ಅಷ್ಟೆ. 150 ರೂಪಾಯಿ ಖಾತೆಗೂ ಬಂತು. ಈಗ 5,000 ಹಾಕಿದರೆ 6,500 ಕೊಡ್ತೀವಿ ಅಂತಿದ್ದಾರೆ. ನಂಬಬಹುದಾ?

ಪಾಂಡವಪುರ: ಅಕ್ಕ, ನಮ್ಮ ಭಾವನಿಗೂ ಮೊದಲು 150 ಬಂತು. 1,000 ಹಾಕಿದ್ದಕ್ಕೆ 1,300 ಬಂತು. ಆಮೇಲೆ 7,000, ಅದರ ಹಿಂದೆ 28,000. ಆ್ಯಪ್‌ನಲ್ಲಿ 61,000 ಇದೆ ಅಂತ ತೋರಿಸುತ್ತಿತ್ತು. ತೆಗೆಯೋಕೆ ಹೋದರೆ ‘ಕ್ರೆಡಿಟ್ ಸ್ಕೋರ್ ಕಮ್ಮಿ ಇದೆ, 18,000 ಕಟ್ಟಿ’. ಅದೂ ಆಯ್ತು, ಟ್ಯಾಕ್ಸ್ ಅಂತ 12,400. ಹೋಗಿದ್ದು 65,400, ಪೂರ್ತಿ ಕಬ್ಬಿನ ದುಡ್ಡು. ಪ್ರತಿ ಸಲ ಬೇರೆ ಬೇರೆ ಹೆಸರಿನ ಖಾತೆಗೆ ಹಾಕಿಸಿಕೊಂಡರು. ಗ್ರೂಪಲ್ಲಿ ‘ನನಗೆ 40,000 ಬಂತು ಮೇಡಂ’ ಅಂತ ಸ್ಕ್ರೀನ್‌ಶಾಟ್ ಹಾಕುತ್ತಿದ್ದವರೆಲ್ಲ ಅವರ ಕಡೆಯವರೇ.

ಸಂತೇಪೇಟೆ ಅಂಗಡಿ: ಬೇಜಾರು ಮಾಡ್ಕೋಬೇಡಿ, ಇದು ಅತಿಯಾಸೆ. ನನ್ನ ಅಂಗಡೀಲಿ ಒಂದು ರೂಪಾಯಿ ಹೋಗಿಲ್ಲ. ಮೊನ್ನೆ ಒಬ್ಬ 450ರ ಸಾಮಾನು ತಗೊಂಡು ‘ಅಣ್ಣಾ, 4,500 ಹಾಕ್ಬಿಟ್ಟೆ, ಮಿಕ್ಕಿದ್ದು ವಾಪಸ್ ಕಳಿಸಿ’ ಅಂದ. ಮೆಸೇಜೂ ಬಂದಿತ್ತು, ಆದರೆ ಬ್ಯಾಂಕಿನ ಹೆಸರಿಂದಲ್ಲ, ಹತ್ತಂಕಿಯ ಮೊಬೈಲ್ ನಂಬರಿಂದ! ದುಡ್ಡು ಬಂದ್ರೆ ಕೂಗಿ ಹೇಳೋ ಸೌಂಡ್ ಬಾಕ್ಸ್ ಕೂಗಲೇ ಇಲ್ಲ. ದುಡ್ಡು ಬರೋಕೆ ಪಿನ್ ಬೇಡ, ಅಷ್ಟು ತಿಳಿದಿರಬೇಕು.

ಪಾಂಡವಪುರ: ಭಾವ ಕಳಿಸೋದು ಅಂತ ಗೊತ್ತಿದ್ದೇ ಪಿನ್ ಒತ್ತಿದ್ದು ಸ್ವಾಮಿ. ನಿಮ್ಮ ಪಿನ್ ಪಾಠ ಇಲ್ಲಿ ಯಾಕೆ? ಬ್ಯಾಂಕಿನವರೂ ‘ನೀವೇ ಕಳಿಸಿದ್ದೀರಲ್ಲ’ ಅಂತ ಕೈ ತೊಳೆದುಕೊಂಡರು. ಮಗಳ ಫೀಸಿಗೆ ದಾರಿ ಹುಡುಕಿದ್ದು ಅತಿಯಾಸೆನಾ?

ಕುವೆಂಪುನಗರ: ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರಾ?

ಪಾಂಡವಪುರ: ಮಾಡಿದ್ವಿ, ಸೈಬರ್ ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆಗೂ ಹೋದ್ವಿ. ಆದರೆ ಭಾವ ನಾಚಿಕೆಗೆ ವಾರಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ಹಾರಿತ್ತು. ಎಲ್ಲೋ 9,200 ತಡೆಹಿಡಿದಿದ್ದಾರೆ, ಅದೂ ಇನ್ನೂ ಕೈಗೆ ಬಂದಿಲ್ಲ.

ಮದ್ದೂರು: ಆ ತಡೆಹಿಡಿದಿರೋದು ನನ್ನಂಥವನ ಖಾತೇಲಿ! ಹಳೆ ಬೈಕ್ ಮಾರಿದೆ, 32,000 ಬಂತು. ಕೊಟ್ಟವನು ಈ ಗ್ಯಾಂಗಿನವನು ಅಂತ ನನಗೇನು ಕನಸು ಬಿದ್ದಿತ್ತಾ? ಬೇರೆ ರಾಜ್ಯದಲ್ಲಿ ದೂರು, ನನ್ನ ಖಾತೆ ಪೂರ್ತಿ ಫ್ರೀಜ್. ಸಂಬಳ ಒಳಗೇ ಕೂತಿದೆ. ಇಎಂಐ ಬೌನ್ಸ್ ಆಗಿದ್ದಕ್ಕೆ 590 ಬೇರೆ ಕಿತ್ಕೊಂಡರು. ಬೈಕ್ ಮಾರಿದ ಕಾಗದ, ಆರ್‌ಸಿ ಎಲ್ಲಾ ಅಲ್ಲಿನ ಪೊಲೀಸರಿಗೆ ಮೇಲ್ ಮಾಡಿದ್ದೀನಿ, ಉತ್ತರ ಇಲ್ಲ. ಅಕ್ಕ, ನಿಮ್ಮ ತಂಗಿಗೆ ಬಂದ 150 ಎಲ್ಲಿಂದ ಬಂತು ಅಂದ್ಕೊಂಡ್ರಿ? ಅದೂ ಯಾರೋ ಕಳ್ಕೊಂಡ ದುಡ್ಡೇ ಇರುತ್ತೆ.

ಪಾಂಡವಪುರ: ಹಾಗಾದ್ರೆ ದುಡ್ಡು ಕಳ್ಕೊಂಡವರು ದೂರು ಕೊಡಬಾರದಾ?

ಮದ್ದೂರು: ಕೊಡಿ. ಆದರೆ 32,000ಕ್ಕೆ ಮಾತ್ರ ತಡೆ ಹಾಕಲಿ. ಖಾತೆಗೇ ಬೀಗ ಜಡಿದರೆ ಮನೆ ನಡೆಸೋದು ಹೇಗೆ?

ಸಂತೇಪೇಟೆ ಅಂಗಡಿ: ಅದಕ್ಕೇ ನೋಡಿ, 2025ರಲ್ಲಿ ಯುಪಿಐ ಲೆಕ್ಕ ನೋಡಿ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಕೊಟ್ಟು ಗಲಾಟೆ ಆದಾಗಲೇ ಸ್ಕ್ಯಾನರ್ ತೆಗೆದು ಒಳಗಿಟ್ಟೆ. ಕ್ಯಾಶ್ ಕೊಟ್ರೆ ಸಾಮಾನು.

ಮದ್ದೂರು: ಈಗ ತಾನೇ ಸೌಂಡ್ ಬಾಕ್ಸ್ ಅಂದ್ರಲ್ಲ ಯಜಮಾನ್ರೇ?

ಸಂತೇಪೇಟೆ ಅಂಗಡಿ: ಅದು ನಮ್ಮ ಮನೆಯವರ ಹೆಸರಲ್ಲಿರೋದು.